ಹೆಗಲಿನ ಕೀಹೋಲ್ ಶಸ್ತ್ರಚಿಕಿತ್ಸೆ: ಹತ್ತು ವರ್ಷದ ನಂತರ ಉಳಿಯುವುದೇನು?



ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳಲ್ಲಿ ಹೃದಯ, ಮೂತ್ರಪಿಂಡ ಮತ್ತು ಕ್ಯಾನ್ಸರ್ ಚಿಕಿತ್ಸೆಯವೇ ಹೆಚ್ಚು. ಅಂಥ ಅರ್ಜಿಗಳಿಗೆ ಹಣ ಮಂಜೂರಾದಾಗ ಯಾರೂ ಪ್ರಶ್ನೆ ಕೇಳುವುದಿಲ್ಲ. ಆದರೆ ಈಚೆಗೆ ಹೆಗಲಿನ ಶಸ್ತ್ರಚಿಕಿತ್ಸೆಗೆಂದು ಬರುವ ಅರ್ಜಿಗಳೂ ಸೇರಿಕೊಂಡಿವೆ. ಹೋಟೆಲ್ ಅಡುಗೆಮನೆಯಲ್ಲಿ ದುಡಿಯುವವರು, ಕ್ಯಾಂಟೀನ್ ನಡೆಸುವವರು, ಪೇಂಟಿಂಗ್ ಕೆಲಸದವರು, ನಿವೃತ್ತರು, ಹೀಗೆ ಎಲ್ಲ ತರಹದವರೂ ಇದ್ದಾರೆ. ಇವುಗಳ ವಿಷಯದಲ್ಲಿ ನಮ್ಮ ಹಿರಿಯ ದಾನಿಯೊಬ್ಬರು ಮಹಾಸಭೆಯಲ್ಲಿ ಎತ್ತಿದ ಪ್ರಶ್ನೆ ಬಹಳ ನೇರವಾಗಿತ್ತು: "ನಾವು ದುಡ್ಡು ಕೊಟ್ಟು ಹೊಲಿಸಿದ ಹೆಗಲು ಒಂದು ವರ್ಷದಲ್ಲೇ ಮತ್ತೆ ಹರಿದಿದೆ ಎಂದು ಎಂಆರ್‌ಐ ಹೇಳುತ್ತದಂತೆ. ಹಾಗಾದರೆ ನಮ್ಮ ಹಣ ನೀರಿಗೆ ಹೋಯಿತೇ?"

ಪ್ರಶ್ನೆ ನ್ಯಾಯವಾದದ್ದು. ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರ. ಮೂರು ದಶಕಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಸಾಲದ ಕಡತಗಳನ್ನು ನೋಡಿದವನು. ಸಾಲ ಮಂಜೂರಾದ ದಿನ ಎಲ್ಲ ಕಡತಗಳೂ ಚೆನ್ನಾಗಿಯೇ ಕಾಣುತ್ತವೆ, ಐದು ಹತ್ತು ವರ್ಷಗಳ ನಂತರವೇ ಅವುಗಳ ನಿಜಬಣ್ಣ ತಿಳಿಯುವುದು ಎಂಬುದು ಆ ಕೆಲಸ ಕಲಿಸಿದ ಪಾಠ. ಅದೇ ಕಣ್ಣಿನಿಂದ ಈ ಚಿಕಿತ್ಸೆಯ ದೀರ್ಘಾವಧಿಯ ಫಲಿತಾಂಶಗಳ ಬಗ್ಗೆ ಪ್ರಕಟವಾದ ಅಧ್ಯಯನಗಳನ್ನು ಓದಿದೆ. ಸಮಿತಿಗೆ ಸಲಹೆ ನೀಡುವ ಮೂಳೆ ತಜ್ಞರಿಂದ ಅರ್ಥ ಕೇಳಿ ತಿಳಿದೆ. ಅದರ ಸಾರವನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ಹೆಗಲಿನೊಳಗೆ ಹರಿಯುವುದು ಏನು?

ನಮ್ಮ ಸೊಂಟದ ಕೀಲು ಒರಳಿನೊಳಗೆ ಕೂತ ಗುಂಡುಕಲ್ಲಿನಂತೆ, ಆಳವಾಗಿ, ಭದ್ರವಾಗಿ ಇರುತ್ತದೆ. ಹೆಗಲಿನ ಕೀಲು ಹಾಗಲ್ಲ. ಅದು ಸಣ್ಣ ತಟ್ಟೆಗೆ ಒರಗಿಸಿದ ನಿಂಬೆಹಣ್ಣಿನ ಹಾಗೆ. ಆದ್ದರಿಂದಲೇ ಕೈಯನ್ನು ನಾವು ಎಲ್ಲ ದಿಕ್ಕಿಗೂ ತಿರುಗಿಸಬಲ್ಲೆವು. ಆದರೆ ಆ ನಿಂಬೆಹಣ್ಣು ಜಾರದಂತೆ ತಟ್ಟೆಯ ನಡುವೆಯೇ ಹಿಡಿದಿಡಲು ಯಾರಾದರೂ ಬೇಕಲ್ಲ? ಆ ಕೆಲಸವನ್ನು ನಾಲ್ಕು ಸ್ನಾಯುಗಳು ಮಾಡುತ್ತವೆ. ಹೆಗಲ ಹಲಗೆಯಿಂದ ಹೊರಟ ಈ ಸ್ನಾಯುಗಳ ತುದಿ ಗಟ್ಟಿಯಾದ ಪಟ್ಟಿಯಾಗಿ ತೋಳಿನ ಮೂಳೆಯ ತಲೆಗೆ ಸುತ್ತಲೂ ಅಂಟಿಕೊಳ್ಳುತ್ತದೆ. ಈ ಪಟ್ಟಿಗೆ ಸ್ನಾಯುರಜ್ಜು ಎಂದು ಹೆಸರು. ನಾಲ್ಕೂ ಸೇರಿ ಆಗುವ ಹೊದಿಕೆಯನ್ನು ವೈದ್ಯರು 'ರೋಟೇಟರ್ ಕಫ್' ಎನ್ನುತ್ತಾರೆ. ಅಂಗಿಯ ತೋಳಿನ ತುದಿಯ ಕಫ್ ಇದ್ದ ಹಾಗೆ ಮೂಳೆಯ ತಲೆಯನ್ನು ಅದು ಸುತ್ತುವರಿದಿರುತ್ತದೆ.

ನಾಲ್ಕರಲ್ಲಿ ಹೆಚ್ಚು ಹರಿಯುವುದು ಮೇಲ್ಭಾಗದಲ್ಲಿರುವ ಸುಪ್ರಾಸ್ಪಿನೇಟಸ್ ಎಂಬ ಸ್ನಾಯುವಿನ ರಜ್ಜು. ಬಿದ್ದಾಗ, ಜಗ್ಗಿದಾಗ ಒಮ್ಮೆಲೇ ಹರಿಯಬಹುದು. ಆದರೆ ಹೆಚ್ಚಿನವರಲ್ಲಿ ವಯಸ್ಸಾದಂತೆ, ಹಳೆಯ ಪಂಚೆಯ ಅಂಚು ಸವೆದು ಪಿಸಿಯುವ ಹಾಗೆ, ನಿಧಾನವಾಗಿ ಹರಿಯುತ್ತದೆ. ರಾತ್ರಿ ಆ ಮಗ್ಗುಲಿಗೆ ಮಲಗಲಾಗದ ನೋವು, ತಲೆ ಬಾಚಲು, ಅಟ್ಟದಿಂದ ಡಬ್ಬಿ ಇಳಿಸಲು, ಲೋಕಲ್ ಟ್ರೇನಿನಲ್ಲಿ ಮೇಲಿನ ಹಿಡಿಕೆ ಹಿಡಿಯಲು ಆಗದಂಥ ಬಲಹೀನತೆ ಇದರ ಸಾಮಾನ್ಯ ಲಕ್ಷಣಗಳು.

ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣುವ 'ಫ್ರೋಝನ್ ಶೋಲ್ಡರ್' ಬೇರೆ, ಇದು ಬೇರೆ. ಅಲ್ಲಿ ಕೀಲಿನ ಚೀಲವೇ ಬಿಗಿದಿರುತ್ತದೆ. ರೋಗಿ ತಾನಾಗಿ ಎತ್ತಿದರೂ, ಬೇರೆಯವರು ಹಿಡಿದು ಎತ್ತಿದರೂ ಕೈ ಮೇಲೇಳುವುದಿಲ್ಲ. ರಜ್ಜು ಹರಿದವರ ಕೈಯನ್ನು ಸಾಮಾನ್ಯವಾಗಿ ಬೇರೆಯವರು ಎತ್ತಬಹುದು, ತಾನಾಗಿ ಎತ್ತುವುದೇ ಕಷ್ಟ. ಎರಡರ ಚಿಕಿತ್ಸೆಯೂ ಬೇರೆ ಬೇರೆ. ಆದ್ದರಿಂದ ರೋಗ ಯಾವುದೆಂದು ಮೊದಲು ಖಚಿತವಾಗಬೇಕು.

ಹರಿದಿದ್ದೆಲ್ಲವನ್ನೂ ಹೊಲಿಯಬೇಕೇ?

ಇಲ್ಲ. ಜಪಾನಿನ ಒಂದು ಬೆಟ್ಟದ ಹಳ್ಳಿಯಲ್ಲಿ 683 ಮಂದಿಯ ಎರಡೂ ಹೆಗಲುಗಳನ್ನು ಸೋನೋಗ್ರಫಿಯಿಂದ ಪರೀಕ್ಷಿಸಿ 2010ರಲ್ಲಿ ವರದಿ ಪ್ರಕಟಿಸಿದರು. ಐದರಲ್ಲಿ ಒಂದು ಹೆಗಲಿನಲ್ಲಿ, ಅಂದರೆ ಶೇ. 20.7ರಲ್ಲಿ, ರಜ್ಜು ಪೂರ್ತಿ ದಪ್ಪಕ್ಕೆ ಹರಿದಿತ್ತು. ಯಾವ ತೊಂದರೆಯೂ ಇಲ್ಲ ಎಂದವರಲ್ಲೂ ಶೇ. 16.9ರಷ್ಟು ಹೆಗಲುಗಳಲ್ಲಿ ಹರಿದಿರುವುದು ಕಂಡಿತು. ಅವರು ಹೊಲ ಗದ್ದೆ ಮಾಡಿಕೊಂಡು, ಮನೆಗೆಲಸ ಮಾಡಿಕೊಂಡು ಹಾಯಾಗಿದ್ದರು. ಎಂಆರ್‌ಐ ವರದಿಯಲ್ಲಿ 'ಹರಿದಿದೆ' ಎಂದು ಕಂಡ ಮಾತ್ರಕ್ಕೆ ಗಾಬರಿಯಾಗಿ ಆಸ್ಪತ್ರೆಗೆ ಮುಂಗಡ ಕಟ್ಟುವ ಅಗತ್ಯವಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನೋಡಬೇಕಾದದ್ದು ಚಿತ್ರವನ್ನಲ್ಲ, ಮನುಷ್ಯನನ್ನು.

ಅಮೆರಿಕದಲ್ಲಿ ಪೆಟ್ಟಿಲ್ಲದೆ, ಸವೆದು ಹರಿದ 452 ಮಂದಿಗೆ ಮೊದಲು ಕ್ರಮಬದ್ಧ ಫಿಸಿಯೋಥೆರಪಿ ಕೊಟ್ಟು ನೋಡಿದರು. ಎರಡು ವರ್ಷಗಳಲ್ಲಿ ಶಸ್ತ್ರಚಿಕಿತ್ಸೆಗೆ ಹೋದವರು ನಾಲ್ಕರಲ್ಲಿ ಒಬ್ಬರಿಗಿಂತ ಕಡಿಮೆ. ಹತ್ತು ವರ್ಷಗಳ ನಂತರ ಲೆಕ್ಕ ನೋಡಿದಾಗಲೂ ಅದು ಸುಮಾರು ಶೇ. 27 ಮಾತ್ರ. ಫಿನ್‌ಲೆಂಡಿನಲ್ಲಿ 55 ವರ್ಷ ದಾಟಿದವರ 180 ಹೆಗಲುಗಳನ್ನು, ಪೆಟ್ಟಿಲ್ಲದ ಸಣ್ಣ ಹರಿವು ಇದ್ದವನ್ನು, ಮೂರು ಗುಂಪು ಮಾಡಿದರು. ಒಂದಕ್ಕೆ ವ್ಯಾಯಾಮ ಮಾತ್ರ, ಇನ್ನೊಂದಕ್ಕೆ ವ್ಯಾಯಾಮದ ಜತೆ ಮೇಲಿನ ಮೂಳೆಯನ್ನು ಸ್ವಲ್ಪ ಉಜ್ಜುವ ಶಸ್ತ್ರಚಿಕಿತ್ಸೆ, ಮೂರನೆಯದಕ್ಕೆ ಇವೆರಡರ ಜತೆ ಹೊಲಿಗೆಯೂ. ಎರಡು ವರ್ಷದ ನಂತರ ಮೂರು ಗುಂಪುಗಳ ನಡುವೆ ರೋಗಿಯ ಅನುಭವಕ್ಕೆ ಬರುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ಎಲ್ಲರೂ ಕಾಯಬಹುದು ಎಂದಲ್ಲ. ನಲವತ್ತು ಐವತ್ತರ ಪ್ರಾಯದವರು ಬಿದ್ದು, ಆ ಕ್ಷಣದಿಂದಲೇ ಕೈ ಎತ್ತಲಾರದೆ ಹೋದರೆ ಅದು ಬೇರೆಯೇ ಪ್ರಕರಣ. ಹರಿದ ರಜ್ಜುವಿನ ಹಿಂದಿರುವ ಸ್ನಾಯು ಕೆಲಸವಿಲ್ಲದೆ ಸೊರಗುತ್ತದೆ, ಅದರೊಳಗೆ ಕೊಬ್ಬು ತುಂಬಿಕೊಳ್ಳುತ್ತದೆ. ಗೂಟಾಲಿಯೆ ಎಂಬ ಫ್ರೆಂಚ್ ತಜ್ಞರು ಇದನ್ನು ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ ಮಾಡುವ ಕ್ರಮವನ್ನು 1994ರಲ್ಲಿ ಪ್ರಕಟಿಸಿದರು. ಈಗಲೂ ಎಂಆರ್‌ಐ ವರದಿಗಳಲ್ಲಿ ಅವರ ಹೆಸರು ಕಾಣುತ್ತದೆ. ದರ್ಜೆ ಮೂರು, ನಾಲ್ಕು ಎಂದಿದ್ದರೆ ಸ್ನಾಯುವಿನಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಕೊಬ್ಬೇ ಇದೆ ಎಂದರ್ಥ. ಅಷ್ಟರ ಮೇಲೆ ಎಷ್ಟು ಚೆನ್ನಾಗಿ ಹೊಲಿದರೂ ಹಳೆಯ ಬಲ ಬರುವುದು ಕಷ್ಟ. ಪೆಟ್ಟು ಬಿದ್ದು ಹರಿದವರು ಎಣ್ಣೆ ತಿಕ್ಕಿಸಿಕೊಂಡು ಆರು ತಿಂಗಳು ಕಳೆಯಬಾರದು ಎನ್ನುವುದು ಇದೇ ಕಾರಣಕ್ಕೆ.

ಕೀಹೋಲ್ ವಿಧಾನ ಎಂದರೆ

ಹರಿದ ರಜ್ಜುವನ್ನು ಹೊಲಿಯುವ ಶಸ್ತ್ರಚಿಕಿತ್ಸೆ ಹೊಸದಲ್ಲ. ಬಾಸ್ಟನ್ನಿನ ಡಾ. ಅರ್ನೆಸ್ಟ್ ಕಾಡ್‌ಮನ್ 1911ರಲ್ಲೇ ಇದರ ಬಗ್ಗೆ ಪ್ರಕಟಿಸಿದ್ದರು. ಆಗ ಹೆಗಲನ್ನು ದೊಡ್ಡದಾಗಿ ಕೊಯ್ದು ತೆರೆಯಬೇಕಿತ್ತು. ಕೀಲಿನೊಳಗೆ ಕೊಳವೆ ತೂರಿಸಿ ನೋಡುವ ಯತ್ನ ಜಪಾನಿನಲ್ಲಿ ಬೆಳೆಯಿತು. ಟೋಕಿಯೋದ ಕೆಂಜಿ ಟಕಾಗಿ 1918ರಲ್ಲಿ ಮೃತದೇಹದ ಮೊಣಕಾಲಿನೊಳಗೆ ಮೂತ್ರಕೋಶ ನೋಡುವ ಕೊಳವೆಯನ್ನು ಹಾಕಿ ನೋಡಿದರು. ಅವರ ಶಿಷ್ಯ ಮಸಾಕಿ ವಾಟನಬೆ ಅದನ್ನು ಬಳಕೆಗೆ ಯೋಗ್ಯವಾದ ಉಪಕರಣವಾಗಿ ಬೆಳೆಸಿದರು. ಮೊಣಕಾಲಿನಲ್ಲಿ ಪಳಗಿದ ವಿದ್ಯೆ ಆಮೇಲೆ ಹೆಗಲಿಗೂ ಬಂತು.

ಇಂದು ಒಂದು ಸೆಂಟಿಮೀಟರ್‌ಗಿಂತ ಹೆಚ್ಚಿಲ್ಲದ ಮೂರರಿಂದ ಐದು ರಂಧ್ರಗಳನ್ನು ಮಾಡಿ, ಒಳಗೆ ಸಲೈನ್ ನೀರು ಹರಿಸುತ್ತಾ, ಪೆನ್ಸಿಲ್ಲಿಗಿಂತ ತೆಳ್ಳಗಿನ ಕ್ಯಾಮೆರಾ ಕೊಳವೆಯಿಂದ ಪರದೆಯ ಮೇಲೆ ನೋಡಿಕೊಂಡು ಕೆಲಸ ಮಾಡುತ್ತಾರೆ. ತೋಳಿನ ಮೂಳೆಯಲ್ಲಿ 'ಆ್ಯಂಕರ್' ಎಂಬ ಸಣ್ಣ ತಿರುಪುಗಳನ್ನು ಕೂರಿಸಿ, ಅವಕ್ಕೆ ಪೋಣಿಸಿದ ಗಟ್ಟಿ ದಾರದಿಂದ ರಜ್ಜುವನ್ನು ಎಳೆದು ಮೂಳೆಗೆ ಕಟ್ಟುತ್ತಾರೆ. ಆಸ್ಪತ್ರೆಯ ಬಿಲ್ಲಿನಲ್ಲಿ ಬೇರೆಯಾಗಿ ಕಾಣುವ ದೊಡ್ಡ ಮೊತ್ತ ಈ ಆ್ಯಂಕರ್‌ಗಳದ್ದೇ. ಎಷ್ಟು ಹಾಕಿದರು ಎಂಬುದರ ಮೇಲೆ ಮೊತ್ತ ಏರುತ್ತದೆ. ಅರ್ಜಿಯೊಡನೆ ಅಂದಾಜು ಪಟ್ಟಿ ಕಳಿಸುವಾಗ ಆ್ಯಂಕರ್‌ಗಳ ಸಂಖ್ಯೆ ಮತ್ತು ದರವನ್ನು ಬೇರೆ ಬರೆಸಿ ಎಂದು ನಾವು ಒತ್ತಾಯಿಸುವುದು ಇದಕ್ಕೇ.

ಒಂದು ವಿಷಯ ಮನಸ್ಸಿನಲ್ಲಿರಲಿ. ಶಸ್ತ್ರಚಿಕಿತ್ಸಕರು ರಜ್ಜುವನ್ನು ಮೂಳೆಗೆ ಕಟ್ಟುತ್ತಾರೆ ಅಷ್ಟೆ, ಅದನ್ನು ಅಂಟಿಸುವುದು ರೋಗಿಯ ದೇಹ. ಅದಕ್ಕೆ ತಿಂಗಳುಗಳು ಬೇಕು. ಹಾಗೆ ಅಂಟಿದ ಜಾಗವೂ ಗಾಯದ ಕಲೆಯ ಅಂಗಾಂಶದಿಂದ ಆದದ್ದು, ಹುಟ್ಟಿನಿಂದ ಬಂದ ಜೋಡಣೆಯಷ್ಟು ಪಕ್ಕಾ ಅಲ್ಲ. ದಾರದ ಕೆಲಸ, ದೇಹ ತನ್ನ ಕೆಲಸ ಮುಗಿಸುವ ತನಕ ಹಿಡಿದಿಟ್ಟುಕೊಳ್ಳುವುದು.

ವರ್ಷಗಳು ಕಳೆದ ಮೇಲಿನ ಲೆಕ್ಕ

ಮೊದಲನೆಯ ಲೆಕ್ಕ ಫ್ರಾನ್ಸಿನದು, 2005ರಲ್ಲಿ ಪ್ರಕಟವಾದದ್ದು. ಕೀಹೋಲ್ ವಿಧಾನದಲ್ಲಿ ಸುಪ್ರಾಸ್ಪಿನೇಟಸ್ ಹೊಲಿಸಿಕೊಂಡ 65 ಮಂದಿಯನ್ನು ಆಮೇಲೆ ಸ್ಕ್ಯಾನ್ ಮಾಡಿ ನೋಡಿದರು. ಶೇ. 71ರಷ್ಟು ಮಂದಿಯಲ್ಲಿ ರಜ್ಜು ಪೂರ್ತಿ ಅಂಟಿತ್ತು. ಆದರೆ 65 ವರ್ಷ ದಾಟಿದವರನ್ನಷ್ಟೇ ತೆಗೆದುಕೊಂಡರೆ ಆ ಪ್ರಮಾಣ ಶೇ. 43ಕ್ಕೆ ಇಳಿಯಿತು. ವಯಸ್ಸಿಗೆ ಎಷ್ಟು ತೂಕ ಇದೆ ನೋಡಿ. ಇನ್ನೂ ಸ್ವಾರಸ್ಯದ ಅಂಶವೆಂದರೆ, 65ರಲ್ಲಿ 62 ಮಂದಿ ತಮಗೆ ತೃಪ್ತಿಯಾಗಿದೆ ಎಂದರು. ಎಂದರೆ, ಅಂಟದೇ ಹೋದವರಲ್ಲೂ ಹೆಚ್ಚಿನವರಿಗೆ ಮೊದಲಿಗಿಂತ ಸುಖವಾಗಿತ್ತು.

ಎರಡನೆಯದು ಬ್ರಿಟನ್ನಿನದು, 2017ರದು. ಐವತ್ತು ದಾಟಿದ 273 ಮಂದಿಯಲ್ಲಿ ಕೆಲವರಿಗೆ ಕೀಹೋಲ್, ಕೆಲವರಿಗೆ ತೆರೆದ ಶಸ್ತ್ರಚಿಕಿತ್ಸೆ ಎಂದು ಚೀಟಿ ಎತ್ತಿದ ಹಾಗೆ ಹಂಚಿದರು. ಎರಡು ವರ್ಷದ ನಂತರ ಎರಡೂ ಗುಂಪು ಸರಿಸಮ. ಎರಡರಲ್ಲೂ ನೋವು ಇಳಿದಿತ್ತು, ಕೈಯ ಉಪಯೋಗ ಹೆಚ್ಚಿತ್ತು. ಎರಡರಲ್ಲೂ ಸ್ಕ್ಯಾನ್‌ನಲ್ಲಿ ಮತ್ತೆ ಹರಿದದ್ದು ಹತ್ತಿರ ಹತ್ತಿರ ಶೇ. 40ರಷ್ಟು. ಅಂಟಿದವರು ಅಂಟದವರಿಗಿಂತ ಹೆಚ್ಚು ಚೆನ್ನಾಗಿದ್ದರು. ಕೀಹೋಲ್‌ನಲ್ಲಿ ಗಾಯದ ಕಲೆ ಚಿಕ್ಕದು ನಿಜ. ಆದರೆ ದೂರದ ಫಲಿತಾಂಶವನ್ನು ತೀರ್ಮಾನಿಸುವುದು ರಂಧ್ರದ ಗಾತ್ರವಲ್ಲ. ದೊಡ್ಡ ಆಸ್ಪತ್ರೆಯ ಜಾಹೀರಾತಿನಲ್ಲಿ ಕೀಹೋಲ್ ಎಂಬ ಶಬ್ದ ಕಂಡು, ಸಾಲ ಮಾಡಿಯಾದರೂ ಅಲ್ಲಿಗೇ ಹೋಗಬೇಕೆಂದು ಹೊರಡುವವರಿಗೆ ಈ ಮಾತನ್ನು ನಾನು ತಪ್ಪದೆ ಹೇಳುತ್ತೇನೆ.

ಮೂರನೆಯದು ನಾರ್ವೆಯದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಏಕೆಂದರೆ ಅವರು ಕಡತವನ್ನು ಮುಚ್ಚದೆ ಹತ್ತು ವರ್ಷ ಹಿಂಬಾಲಿಸಿದರು. ಮೂರು ಸೆಂಟಿಮೀಟರ್ ಮೀರದ ಹರಿವಿದ್ದ 103 ಮಂದಿಯಲ್ಲಿ 52 ಮಂದಿಗೆ ಹೊಲಿಗೆ, 51 ಮಂದಿಗೆ ಫಿಸಿಯೋಥೆರಪಿ. ಅಲ್ಲಿ ಬಳಸಿದ್ದು ಚಿಕ್ಕ ಗಾಯದ ತೆರೆದ ವಿಧಾನ. ಎರಡು ವಿಧಾನದ ಫಲವೂ ಸಮ ಎಂದು ಬ್ರಿಟನ್ನಿನ ಲೆಕ್ಕ ತೋರಿಸಿರುವುದರಿಂದ ನಮಗೆ ಅದು ಪ್ರಸ್ತುತವೇ. ನೂರು ಅಂಕಗಳ ಮಾಪನದಲ್ಲಿ ಒಂದು ವರ್ಷದ ನಂತರ ಹೊಲಿಸಿಕೊಂಡವರು 13 ಅಂಕ ಮುಂದಿದ್ದರು. ಐದು ವರ್ಷಕ್ಕೆ ಆ ಅಂತರ 5ಕ್ಕೆ ಇಳಿಯಿತು. ಅಲ್ಲಿಗೇ ನಿಲ್ಲಿಸಿದ್ದರೆ 'ಹೊಲಿಸಿದರೂ ಅಷ್ಟೆ, ಬಿಟ್ಟರೂ ಅಷ್ಟೆ' ಎಂದುಬಿಡಬಹುದಿತ್ತು. ಆದರೆ ಹತ್ತು ವರ್ಷಕ್ಕೆ ಅಂತರ ಮತ್ತೆ 9.6ಕ್ಕೆ ಏರಿತು.

ಕಾರಣವೂ ಅದೇ ಅಧ್ಯಯನದಲ್ಲಿದೆ. ಹೊಲಿಸದೆ ಬಿಟ್ಟವರಲ್ಲಿ ಶೇ. 37ರಷ್ಟು ಮಂದಿಯ ಹರಿವು ಐದು ವರ್ಷದಲ್ಲೇ 5 ಮಿಲಿಮೀಟರ್‌ಗಿಂತ ಹೆಚ್ಚು ಹಿಗ್ಗಿತ್ತು. ಹಿಗ್ಗಿದವರ ಕೈ ಬಲವೂ ಇಳಿದಿತ್ತು. ಫಿಸಿಯೋಥೆರಪಿ ಗುಂಪಿನ 51ರಲ್ಲಿ 14 ಮಂದಿ ಹತ್ತು ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಉಳಿದ 37 ಮಂದಿ ಅದಿಲ್ಲದೆಯೇ ನಿಭಾಯಿಸಿದರು ಎಂಬುದನ್ನೂ ಅಷ್ಟೇ ಮುಖ್ಯವಾಗಿ ಹೇಳಬೇಕು.

ಈ ಮೂರೂ ಲೆಕ್ಕಗಳನ್ನು, ಮೇಲೆ ಹೇಳಿದ ಫಿನ್‌ಲೆಂಡ್ ಮತ್ತು ಅಮೆರಿಕದ ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಾಳೆಯಾಗುತ್ತದೆ. ವಯಸ್ಸಾದವರ, ಪೆಟ್ಟಿಲ್ಲದ, ಸಣ್ಣ ಹರಿವಿಗೆ ಮೊದಲು ವ್ಯಾಯಾಮ. ಮುಂದೆ ಇನ್ನೂ ಹದಿನೈದು ಇಪ್ಪತ್ತು ವರ್ಷ ಕೈಯಿಂದ ದುಡಿಯಬೇಕಾದವರಿಗೆ, ಸ್ನಾಯು ಇನ್ನೂ ಸೊರಗದವರಿಗೆ, ಹೊಲಿಗೆಯ ಲಾಭ ದೂರಕ್ಕೂ ಉಳಿಯುತ್ತದೆ.

ಮತ್ತೆ ಹರಿದರೆ ಹಣ ವ್ಯರ್ಥವೇ?

ಈಗ ದಾನಿಗಳ ಪ್ರಶ್ನೆಗೆ ಬರೋಣ. ಸ್ಕ್ಯಾನ್‌ನಲ್ಲಿ ಮತ್ತೆ ಹರಿದಿದೆ ಎಂದು ಕಂಡರೂ ಬಹುಪಾಲು ರೋಗಿಗಳ ನೋವು ಶಸ್ತ್ರಚಿಕಿತ್ಸೆಗೆ ಮೊದಲು ಇದ್ದದ್ದಕ್ಕಿಂತ ಕಡಿಮೆಯೇ ಇರುತ್ತದೆ. ರಾತ್ರಿ ನಿದ್ದೆ ಮರಳಿರುತ್ತದೆ. ಎಷ್ಟೋ ಸಲ ಹೊಸ ಹರಿವು ಹಳೆಯದಕ್ಕಿಂತ ಚಿಕ್ಕದಾಗಿರುತ್ತದೆ. ಹಾಗಾಗಿ 'ಹಣ ನೀರಿಗೆ ಹೋಯಿತು' ಎನ್ನುವುದು ಸರಿಯಲ್ಲ.

ಆದರೆ 'ಹರಿದರೂ ಚಿಂತೆಯಿಲ್ಲ' ಎನ್ನುವುದೂ ಸರಿಯಲ್ಲ. ಅಮೆರಿಕದಲ್ಲಿ ತೀರ ದೊಡ್ಡ ಹರಿವುಗಳನ್ನು ಕೀಹೋಲ್ ವಿಧಾನದಲ್ಲಿ ಹೊಲಿದ 18 ಮಂದಿಯ ವರದಿ 2004ರಲ್ಲಿ ಬಂತು. ಸ್ಕ್ಯಾನ್‌ನಲ್ಲಿ 18ರಲ್ಲಿ 17 ಮತ್ತೆ ಹರಿದಿದ್ದವು. ಆದರೂ ಒಂದು ವರ್ಷಕ್ಕೆ ಹೆಚ್ಚಿನವರು ಗೆಲುವಾಗಿದ್ದರು. ಎರಡು ವರ್ಷ ತುಂಬುವಾಗ ಆ ಗೆಲುವು ಇಳಿಮುಖವಾಗಿತ್ತು. ನೋವಿನ ಪರಿಹಾರ ಬೇರೆ, ದುಡಿಯುವ ಬಲ ಬೇರೆ. ಮನೆಯಲ್ಲಿ ಮೊಮ್ಮಗುವನ್ನು ಆಡಿಸುವ ಅಜ್ಜನಿಗೆ ನೋವು ಇಳಿದರೆ ಸಾಕು. ದಿನಕ್ಕೆ ಹತ್ತು ಸಲ ಸಾಂಬಾರಿನ ದೊಡ್ಡ ಪಾತ್ರೆ ಎತ್ತಿ ಇಳಿಸಬೇಕಾದ ಅಡುಗೆಯವರಿಗೆ ಬಲವೇ ಬೇಕು, ಬಲಕ್ಕೆ ರಜ್ಜು ಅಂಟಲೇಬೇಕು.

ಅಂಟುವುದನ್ನು ತಡೆಯುವ ಸಂಗತಿಗಳೂ ಚೆನ್ನಾಗಿ ಗೊತ್ತಾಗಿವೆ: ಹೆಚ್ಚಿದ ವಯಸ್ಸು, ದೊಡ್ಡ ಹರಿವು, ಕೊಬ್ಬು ತುಂಬಿದ ಸ್ನಾಯು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು. ಮೊದಲ ಮೂರು ನಮ್ಮ ಕೈಯಲ್ಲಿಲ್ಲ, ಕೊನೆಯ ಎರಡು ಇವೆ. ಇವುಗಳ ಜತೆ ಇನ್ನೊಂದಿದೆ, ಅವಸರ. ಮತ್ತೆ ಹರಿಯುವ ಹೊಲಿಗೆಗಳಲ್ಲಿ ಹೆಚ್ಚಿನವು ಮೊದಲ ಆರು ತಿಂಗಳೊಳಗೇ ಹರಿಯುತ್ತವೆ. ಆ ಆರು ತಿಂಗಳನ್ನು ದಾಟಿಸಿದ ಹೊಲಿಗೆಗಳಲ್ಲಿ ಬಹುಪಾಲು ವರ್ಷಗಟ್ಟಲೆ ಬಾಳುತ್ತವೆ. ನಮ್ಮ ನಿಧಿಗೆ ಸಂಬಂಧಪಟ್ಟ ನಿಜವಾದ ವಿಷಯ ಇಲ್ಲಿದೆ.

ಆರು ತಿಂಗಳ ಖರ್ಚು ಯಾರದು?

ಶಸ್ತ್ರಚಿಕಿತ್ಸೆಯ ಮರುದಿನ ಅಥವಾ ಅದರ ಮಾರನೆ ದಿನ ರೋಗಿ ಮನೆಗೆ ಬರುತ್ತಾನೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿರಬೇಕು. ಆಗ ಬೇರೆಯವರು ಹಿಡಿದು ಆಡಿಸುವ ಮೆದು ಚಲನೆಗಳು ಮಾತ್ರ. ಆಮೇಲೆ ತಾನಾಗಿ ಎತ್ತುವ ಅಭ್ಯಾಸ. ಸುಮಾರು ಮೂರು ತಿಂಗಳ ನಂತರ ಬಲ ಕೂಡಿಸುವ ವ್ಯಾಯಾಮ. ತಲೆಯ ಮೇಲಕ್ಕೆ ಭಾರ ಎತ್ತುವ ಕೆಲಸಕ್ಕೆ ಮರಳಲು ಆರು ತಿಂಗಳಾದರೂ ಬೇಕು. ಚೆನ್ನಾಗಿ ಸುಧಾರಿಸಿಕೊಳ್ಳಲು ಒಂದು ವರ್ಷವೂ ಹಿಡಿಯುತ್ತದೆ. ಯಾವ ವಾರ ಯಾವ ಚಲನೆ ಎಂಬುದನ್ನು ಶಸ್ತ್ರಚಿಕಿತ್ಸಕರೇ ಬರೆದುಕೊಡುತ್ತಾರೆ, ಅದನ್ನು ಮೀರಬಾರದು.

ಈ ಅವಧಿಯ ಖರ್ಚನ್ನು ಲೆಕ್ಕ ಹಾಕಿ. ಹಲವು ವೈದ್ಯಕೀಯ ವಿಮೆಗಳಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ ಖರ್ಚಿಗೆ 60 ದಿನಗಳ ಮಿತಿ ಇರುತ್ತದೆ. ಬಲ ಕೂಡಿಸುವ ವ್ಯಾಯಾಮ ಶುರುವಾಗುವುದೇ ಆ 60 ದಿನ ಮುಗಿದ ಮೇಲೆ! ಇಎಸ್‌ಐ ಇರುವ ನೌಕರರಿಗೆ ಕಾಯಿಲೆ ಭತ್ಯೆಯಾಗಿ ವೇತನದ ಶೇ. 70ರಷ್ಟು ಸಿಗುತ್ತದೆ, ಆದರೆ ವರ್ಷಕ್ಕೆ 91 ದಿನ ಮಾತ್ರ. ಅಂದರೆ ಮೂರು ತಿಂಗಳು. ಉಳಿದ ಮೂರು ತಿಂಗಳು ಮನೆ ನಡೆಯುವುದು ಹೇಗೆ? ಖೋಲಿಯ ಬಾಡಿಗೆ, ಊರಿಗೆ ಕಳಿಸುವ ಹಣ, ಮಕ್ಕಳ ಶಾಲೆ ಇವು ಯಾವುವೂ ಹೆಗಲು ಅಂಟುವ ತನಕ ಕಾಯುವುದಿಲ್ಲ. ಆದ್ದರಿಂದ ಎರಡು ಮೂರು ತಿಂಗಳಲ್ಲೇ ಜೋಳಿಗೆ ಕಳಚಿ, 'ನೋವಿಲ್ಲ, ಸರಿಹೋಗಿದೆ' ಎಂದು ಭಟ್ಟರು ಒಲೆಯ ಮುಂದೆ ನಿಲ್ಲುತ್ತಾರೆ. ನೋವು ಹೋಗುವುದು ಬೇಗ, ಅಂಟುವುದು ನಿಧಾನ. ಹೊಲಿಗೆ ಸೋಲುವುದು ಈ ನಡುವಿನ ಅವಧಿಯಲ್ಲಿ.

ಹೀಗಾಗಿ ನೆರವು ಸಮಿತಿಯಲ್ಲಿ ನಾನು ಪ್ರಸ್ತಾಪಿಸಿ, ಎಲ್ಲರೂ ಒಪ್ಪಿದ ಕ್ರಮವೊಂದಿದೆ. ಹೆಗಲಿನ ಪ್ರಕರಣಗಳಲ್ಲಿ ಮಂಜೂರಾದ ಮೊತ್ತವನ್ನು ಒಮ್ಮೆಲೇ ಆಸ್ಪತ್ರೆಗೆ ಕಟ್ಟುವುದಿಲ್ಲ. ಒಂದು ಪಾಲು ಶಸ್ತ್ರಚಿಕಿತ್ಸೆಗೆ, ಒಂದು ಪಾಲು ಆರು ತಿಂಗಳ ಫಿಸಿಯೋಥೆರಪಿಗೆ, ಒಂದು ಪಾಲು ಭತ್ಯೆ ನಿಂತ ಮೇಲಿನ ಮನೆಖರ್ಚಿಗೆ. ಕೊನೆಯ ಎರಡು ಪಾಲು ತಿಂಗಳ ಕಂತಿನಲ್ಲಿ, ಫಿಸಿಯೋಥೆರಪಿಸ್ಟರ ಸಹಿ ನೋಡಿ ಬಿಡುಗಡೆಯಾಗುತ್ತವೆ. ಕಟ್ಟಡ ಸಾಲವನ್ನು ಗೋಡೆ ಎದ್ದ ಹಾಗೆ ಹಂತಹಂತವಾಗಿ ಕೊಡುವುದಿಲ್ಲವೇ, ಹಾಗೆ.

ಇಬ್ಬರು ಅರ್ಜಿದಾರರು

ಹೆಸರು, ಊರು ಬಿಟ್ಟು ಎರಡು ಅರ್ಜಿಗಳನ್ನು ಹೇಳುತ್ತೇನೆ. ಒಬ್ಬರು ಹೋಟೆಲಿನ ಅಡುಗೆಯವರು, ವಯಸ್ಸು 46. ಒದ್ದೆ ಮೆಟ್ಟಿಲಿನಲ್ಲಿ ಪಾತ್ರೆ ಸಮೇತ ಜಾರಿ ಬಿದ್ದಿದ್ದರು. ಅಂದಿನಿಂದ ಬಲಗೈ ಎತ್ತಲಾಗುತ್ತಿರಲಿಲ್ಲ. ಎಂಆರ್‌ಐನಲ್ಲಿ ಪೂರ್ತಿ ಹರಿವು, ಆದರೆ ಸ್ನಾಯುವಿನಲ್ಲಿ ಕೊಬ್ಬು ಸೇರಿರಲಿಲ್ಲ. ಸಲಹಾ ವೈದ್ಯರು ತಡಮಾಡಬೇಡಿ ಎಂದರು. ಕೆಲಸದ ವೇಳೆಯಲ್ಲೇ ಆದ ಅಪಘಾತವಾದ್ದರಿಂದ ಇಎಸ್‌ಐಗೆ ಅಪಘಾತ ವರದಿ ಹೋಗುವಂತೆ ಮಾಲೀಕರೊಡನೆ ಮಾತಾಡಿದೆವು. ಕೆಲಸದಲ್ಲಿ ಆದ ಗಾಯಕ್ಕೆ ವೇತನದ ಶೇ. 90ರಷ್ಟು ಭತ್ಯೆ, ಕೆಲಸಕ್ಕೆ ಅಸಮರ್ಥರಾಗಿರುವಷ್ಟು ದಿನವೂ ಸಿಗುತ್ತದೆ. 91 ದಿನದ ಮಿತಿ ಇದಕ್ಕಿಲ್ಲ. ಈ ಒಂದು ಕಾಗದದಿಂದ ನಮ್ಮ ನಿಧಿಯ ಹೊರೆ ಎಷ್ಟೋ ಇಳಿಯಿತು.

ಇನ್ನೊಬ್ಬರು 71ರ ನಿವೃತ್ತ ಶಿಕ್ಷಕಿ, ಸಕ್ಕರೆ ಕಾಯಿಲೆ ಇದೆ. ವರ್ಷಗಳಿಂದ ಹೆಗಲು ನೋವು. ಖಾಸಗಿ ಆಸ್ಪತ್ರೆಯೊಂದು ಕೀಹೋಲ್ ಶಸ್ತ್ರಚಿಕಿತ್ಸೆಗೆ ಅಂದಾಜು ಪಟ್ಟಿ ಕೊಟ್ಟಿತ್ತು. ವರದಿಯಲ್ಲಿ ಕೊಬ್ಬಿನ ದರ್ಜೆ ಮೂರು ಎಂದಿತ್ತು. ಎರಡನೆಯ ಅಭಿಪ್ರಾಯ ಪಡೆಯಿರಿ ಎಂದು ಮಹಾನಗರಪಾಲಿಕೆಯ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಕಳಿಸಿದೆವು. ಅಲ್ಲಿನ ವೈದ್ಯರು ಮೂರು ತಿಂಗಳು ವ್ಯಾಯಾಮ ಮಾಡಿ ನೋಡೋಣ ಎಂದರು. ಆ ಮೇಡಂ ಈಗ ತಲೆ ಬಾಚಿಕೊಳ್ಳುತ್ತಾರೆ, ರಾತ್ರಿ ನಿದ್ದೆ ಬರುತ್ತದೆ. ಮೇಲಿನ ಕಪಾಟಿಗೆ ಮಾತ್ರ ಸ್ಟೂಲ್ ಬೇಕು. ಮುಂದೆ ಕೀಲೇ ಸವೆದು ಕೈ ಎತ್ತಲಾಗದಂತಾದರೆ, ಫ್ರಾನ್ಸಿನ ಪಾಲ್ ಗ್ರಾಮೊಂ 1985ರಲ್ಲಿ ರೂಪಿಸಿದ, ಗುಂಡು ಮತ್ತು ಬಟ್ಟಲನ್ನು ಅದಲುಬದಲು ಮಾಡಿ ಕೂರಿಸುವ ಕೃತಕ ಕೀಲಿನ ದಾರಿ ಇದೆ. ಅದು ಅಂಥ ವಯಸ್ಸಿನವರಿಗೆಂದೇ ಇರುವ ದಾರಿ.

ಮೊದಲನೆಯವರಿಗೆ ಹಣ ಕೊಟ್ಟದ್ದು ಎಷ್ಟು ಸರಿಯೋ, ಎರಡನೆಯವರಿಗೆ ಶಸ್ತ್ರಚಿಕಿತ್ಸೆಯ ಬದಲು ಫಿಸಿಯೋಥೆರಪಿಗೆ ಕೊಟ್ಟದ್ದೂ ಅಷ್ಟೇ ಸರಿ. ಎರಡೂ ತಮ್ಮ ದೇಣಿಗೆಯ ಸದುಪಯೋಗವೇ.

ಲೆಕ್ಕ ಇಡುವವರು ಯಾರು?

ಮೇಲೆ ಹೇಳಿದ ಡಾ. ಕಾಡ್‌ಮನ್ ಹೆಗಲಿನ ತಜ್ಞರು ಮಾತ್ರವಲ್ಲ, ದೊಡ್ಡ ಹಟವಾದಿ. ಪ್ರತಿ ರೋಗಿಗೂ ಒಂದು ಚೀಟಿ ಇರಬೇಕು, ಚಿಕಿತ್ಸೆಯಿಂದ ಕೊನೆಗೆ ಏನಾಯಿತು ಎಂದು ತಿಳಿಯುವಷ್ಟು ಕಾಲ ಆಸ್ಪತ್ರೆ ಆ ರೋಗಿಯನ್ನು ಹಿಂಬಾಲಿಸಬೇಕು ಎಂದು ವಾದಿಸಿದರು. ಅದು ಇತರರಿಗೆ ರುಚಿಸಲಿಲ್ಲ. ಕಾಡ್‌ಮನ್ 1914ರಲ್ಲಿ ದೊಡ್ಡ ಆಸ್ಪತ್ರೆಯ ಹುದ್ದೆ ಬಿಟ್ಟರು. ತಮ್ಮದೇ ಪುಟ್ಟ ಆಸ್ಪತ್ರೆಯಲ್ಲಿ 1911ರಿಂದ 1916ರವರೆಗೆ ಬಿಡುಗಡೆಯಾದ 337 ರೋಗಿಗಳ ಲೆಕ್ಕ ಇಟ್ಟು, ಚಿಕಿತ್ಸೆಯಲ್ಲಿ ಕಂಡ 123 ದೋಷಗಳನ್ನು ಮುದ್ರಿಸಿ ಹಂಚಿದರು. ನೂರು ವರ್ಷದ ಹಿಂದೆ ಒಬ್ಬ ವೈದ್ಯ ಇಷ್ಟು ಮಾಡಿದ್ದರೆ, ದಾನಿಗಳ ಹಣ ಖರ್ಚು ಮಾಡುವ ನಾವೂ ಅಷ್ಟಾದರೂ ಮಾಡಬೇಡವೇ?

ಇನ್ನು ಮುಂದೆ ನಮ್ಮ ನಿಧಿಯ ನೆರವಿನಿಂದ ಹೆಗಲಿನ ಚಿಕಿತ್ಸೆ ಪಡೆದ ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಇರುತ್ತದೆ. ಆರು ತಿಂಗಳು, ಒಂದು ವರ್ಷ, ಎರಡು ವರ್ಷ, ಐದು ವರ್ಷಕ್ಕೆ ಸ್ವಯಂಸೇವಕರು ಫೋನ್ ಮಾಡಿ ನಾಲ್ಕೇ ಪ್ರಶ್ನೆ ಕೇಳುತ್ತಾರೆ: ರಾತ್ರಿ ನಿದ್ದೆ ಬರುತ್ತದೆಯೇ? ತಲೆ ಬಾಚಬಲ್ಲಿರಾ? ಹಳೆಯ ಕೆಲಸಕ್ಕೆ ಮರಳಿದ್ದೀರಾ? ಮತ್ತೆ ಚಿಕಿತ್ಸೆ ಬೇಕಾಯಿತೇ? ಹೆಸರಿಲ್ಲದೆ ಅದರ ಮೊತ್ತ ಮಾತ್ರ ವಾರ್ಷಿಕ ವರದಿಯಲ್ಲಿ ಪ್ರಕಟವಾಗುತ್ತದೆ, ಫಲ ಸಿಗದಿದ್ದ ಪ್ರಕರಣಗಳೂ ಸೇರಿ.

ತಮ್ಮಲ್ಲಿ ವಿನಂತಿ

ಅರ್ಜಿದಾರರು ಎಂಆರ್‌ಐ ವರದಿ, ವೈದ್ಯರ ಚೀಟಿ, ಆ್ಯಂಕರ್‌ಗಳ ವಿವರವಿರುವ ಅಂದಾಜು ಪಟ್ಟಿ, ವಿಮೆ ಅಥವಾ ಇಎಸ್‌ಐ ಕಾಗದಗಳನ್ನು ಒಟ್ಟಿಗೆ ಕೊಡಿ. ಪೆಟ್ಟು ಬಿದ್ದು ಆದದ್ದಾದರೆ ಬಿದ್ದ ದಿನಾಂಕ ಬರೆಯಿರಿ, ಅಂಥ ಅರ್ಜಿಯನ್ನು ಮೊದಲು ಕೈಗೆತ್ತಿಕೊಳ್ಳುತ್ತೇವೆ.

ಹೋಟೆಲ್ ಮಾಲೀಕರಾದ ಸದಸ್ಯರಲ್ಲಿ ಒಂದು ಮಾತು. ಶಸ್ತ್ರಚಿಕಿತ್ಸೆಯಾದ ನೌಕರನಿಗೆ ಮೂರನೆಯ ತಿಂಗಳಿನಿಂದ ಗಲ್ಲಾಪೆಟ್ಟಿಗೆ, ಸ್ಟೋರ್ ಲೆಕ್ಕದಂಥ ಭಾರವಿಲ್ಲದ ಕೆಲಸ ವೈದ್ಯರ ಒಪ್ಪಿಗೆಯೊಡನೆ ಕೊಟ್ಟರೆ, ಅದು ನಗದು ದೇಣಿಗೆಗಿಂತ ದೊಡ್ಡದು.

ಫಿಸಿಯೋಥೆರಪಿ ಕಲಿತ ನಮ್ಮ ಯುವಕ ಯುವತಿಯರು ವಾರಕ್ಕೆರಡು ಗಂಟೆ ಸಂಘದ ಕಚೇರಿಯಲ್ಲಿ ಕೂತರೆ ದೂರದಿಂದ ಲೋಕಲ್ ಹಿಡಿದು ಆಸ್ಪತ್ರೆಗೆ ಹೋಗುವ ಹಲವರ ಖರ್ಚು, ಶ್ರಮ ಉಳಿಯುತ್ತದೆ.

ದಾನಿಗಳು ದಯವಿಟ್ಟು ದೇಣಿಗೆಯ ಮೇಲೆ 'ಚಿಕಿತ್ಸಾನಂತರದ ಆರೈಕೆ' ಎಂದು ನಮೂದಿಸಿ. ಶಸ್ತ್ರಚಿಕಿತ್ಸೆಗೆ ಕೊಡುವ ಕೈಗಳು ಹಲವು, ಆ ಮೇಲಿನ ಆರು ತಿಂಗಳಿಗೆ ಕೊಡುವವರು ವಿರಳ. ರೂ. 2,000 ಮೀರಿದ ದೇಣಿಗೆಯನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಕೊಡಿ. ನಗದಾಗಿ ಕೊಟ್ಟರೆ ಅದಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ರಸೀದಿ ಕೇಳಿ ಪಡೆಯಿರಿ.




ವೈದ್ಯಕೀಯ ನೆರವು ಸಮಿತಿಯ ಪರವಾಗಿ,
ಸಮಿತಿಯ ಸದಸ್ಯ, ನಿವೃತ್ತ ಬ್ಯಾಂಕ್ ಅಧಿಕಾರಿ